ಮೂರು ಹೆಡ್‌ಫೋನು ಮತ್ತು ನನ್ನ ತಾಳ

ಆ ದಿನ ನಾನು ಹಿತ್ತಲ ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದೆ. ವರ್ಷದ ಖಾರದಪುಡಿಗೆಂದು ಬ್ಯಾಡಗಿಯ ತವರಿನಿಂದ ಬಂದ ಚೀಲ ಅದು. ಅರ್ಧ ಮುಗಿದಿತ್ತು. ಪಡಸಾಲೆಯಲ್ಲಿ ಫೋನು ಬಡಿದುಕೊಂಡಿತು. ಸೆರಗಿಗೆ ಕೈ ಒರೆಸಿಕೊಂಡು ಓಡಿದೆ. ಬ್ಯಾಡಗಿಯಿಂದ ನನ್ನ ತಮ್ಮ ಚಂದ್ರು. ಅಂದು ಅಲ್ಲಿ ಅವನ ಗೆಳೆಯರ ಮನೆಯ ಮದುವೆ. ಮೈಕು, ಹಾಡು ಎಲ್ಲ ನಮ್ಮವೇ. ನಮ್ಮ ಮನೆಯವರು ಬೆಳಿಗ್ಗೆಯೇ ಸಾಮಾನು ಹೇರಿಕೊಂಡು ಹೋಗಿದ್ದರು.

“ಅಕ್ಕಾ, ಮಾಮಾರಿಗೆ ಏನರೆ ಆಗೇತೇನ?”

“ಯಾಕೋ? ಬಿದ್ದರೇನ?”

“ಬಿದ್ದಿಲ್ಲ, ಆರಾಮ ಕುಂತಾರ. ಅದನ್ನ ಹೇಳಾಕತ್ತೇನಿ. ಹುಡುಗಿ ಅಜ್ಜ ಮೈಕ್ ಹಿಡದು ನಾಕು ಮಾತ ಆಡಾಕತ್ತಿದ್ದ. ಸ್ಪೀಕರ್ ಸೀಟಿ ಹೊಡೀತು ನೋಡವಾ, ಕಿವ್ಯಾಗ ಸೂಜಿ ಚುಚ್ಚಿದಂಗ! ಮಂದೆಲ್ಲಾ ಕಿವಿ ಮುಚ್ಚಿಕೊಂಡ್ರು. ಕೂಸುಗಳು ಚೀರಾಕ ಹತ್ತಿದ್ವು. ಮಾಮಾರು ಮಿಕ್ಸರ್ ಮುಂದ ಕುಂತು ನಗಾಕತ್ತಾರ.”

“ಹೆಡ್‌ಫೋನ್ ಹಾಕ್ಕೊಂಡಿರಬೇಕು ತಗೊ.”

“ಒಂದು ಕಿವಿ ಬಿಚ್ಚೇ ಇತ್ತಕ್ಕಾ. ನಾನ ಓಡಿ ಹೋಗಿ ಗುಂಡಿ ಇಳಿಸಿದೆ. ‘ಯಾಕ ಮುಟ್ಟೀದಿ?’ ಅಂತ ನನಗ ಬೈದ್ರು. ಅವರಿಗೆ ಕೇಳಿಲ್ಲ. ಖರೇನ ಕೇಳಿಲ್ಲ.”

ಫೋನು ಇಟ್ಟ ಮೇಲೆ ಎಡಗಿವಿ ಧಗಧಗ ಉರಿಯತೊಡಗಿತು. ಮೆಣಸಿನಕಾಯಿಯ ಕೈ. ತಣ್ಣೀರು ಹಚ್ಚಿದೆ, ಬೆಣ್ಣೆ ಹಚ್ಚಿದೆ. ದೇವರ ಮುಂದೆ ಹೋಗಿ ಸುಮ್ಮನೆ ಕುಳಿತೆ. ಕಿವಿ ಉರಿಯುತ್ತಿದ್ದರೂ ಗೋಡೆ ಗಡಿಯಾರದ ಸಪ್ಪಳ ಕೇಳುತ್ತಿತ್ತು, ದೀಪದ ಬತ್ತಿ ಚಿಟಚಿಟ ಎನ್ನುವುದೂ ಕೇಳುತ್ತಿತ್ತು. ಶಿವನೇ, ನನಗಾದರೂ ಕೇಳುತ್ತದಲ್ಲ ಎಂದುಕೊಂಡೆ. ಶಿವ ಅಂದು ಮಾಡಿದ ಮೊದಲ ಉಪಕಾರ ಅದು.

ಈಗ ಸೌಂಡ್ ಕೆಲಸಕ್ಕೆ ಇಳಿಯುತ್ತಿರುವ ನಮ್ಮ ಕಡೆಯ ಹುಡುಗರು, ಇಬ್ಬರು ಹುಡುಗಿಯರೂ ಸಹ, ನನ್ನನ್ನು ಕೇಳುವುದು ಒಂದೇ ಪ್ರಶ್ನೆ: “ಅಮ್ಮಾರ, ಯಾವ ಹೆಡ್‌ಫೋನ್ ತಗೋಳೂನ್ರಿ?” ಅದಕ್ಕೆ ಒಂದು ಸಾಲಿನ ಉತ್ತರ ಇಲ್ಲ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನನಗೆ ಸಿಕ್ಕ ಶಾಲು ಹಾರದ ಸನ್ಮಾನದ ಮಾತು ಬಿಡಿ. ನಾನು ಮಾಡಿದ ತಪ್ಪುಗಳೇ ನಿಮಗೆ ಹೆಚ್ಚು ಉಪಯೋಗಕ್ಕೆ ಬಂದಾವು.

ನಾನು ಮದುವೆಯಾಗಿ ರಾಣೆಬೆನ್ನೂರಿಗೆ ಬಂದಾಗ ಮನೆಯ ಮುಂದಿನ ಖೋಲಿಯೇ ಅಂಗಡಿ. ಆಗ ತಗಡಿನ ತುತ್ತೂರಿ ಸ್ಪೀಕರು, ಕ್ಯಾಸೆಟ್ಟು. ನಮ್ಮ ಮನೆಯವರು ಆ ತುತ್ತೂರಿಗಳ ಬಾಯಿಯ ಮುಂದೆಯೇ ನಿಂತು “ಹಲೋ, ಹಲೋ” ಎಂದು ಪರೀಕ್ಷೆ ಮಾಡುತ್ತಿದ್ದರು. ಕಿವಿಯ ಬಗ್ಗೆ ಯಾರಿಗೂ ಯೋಚನೆ ಇರಲಿಲ್ಲ. ಅವರು ಹೊರಗೆ ಹೋದಾಗ ಸಾಮಾನು ಕೊಡುವುದು, ಬಂದಾಗ ನೋಡಿ ಇಟ್ಟುಕೊಳ್ಳುವುದು ನನ್ನ ಪಾಲಿಗೆ ಬಂತು. ಬೆಸುಗೆ ಹಾಕಲು ಕಲಿಸಿದವರು ಹಾವೇರಿಯ ಖಾದರಸಾಬರು. ರೇಡಿಯೋ ರಿಪೇರಿಯ ಹಳೆಯ ಕೈ. ಮನೆಯವರಿಗೂ ಗುರು, ನನಗೂ ಗುರು. ನಾನು ಮೊದಲ ಸಲ ಕಾದ ಕಡ್ಡಿ ಹಿಡಿದಾಗ ತವರದ ದೊಡ್ಡ ಗುಳಿಗೆಯನ್ನೇ ಇಳಿಸಿದ್ದೆ. ಅವರು ಕನ್ನಡಕ ಮೇಲೆತ್ತಿ ನೋಡಿ, “ತಂಗೆವ್ವಾ, ವಡಿ ಬಿಟ್ಟೀ ಏನ? ಇದು ಎಣ್ಣಿ ಬಾಂಡ್ಲಿ ಅಲ್ಲ,” ಎಂದರು. ಅಷ್ಟು ಹೇಳಿ, ತಾವೇ ಬಿಚ್ಚಿ ಮತ್ತೆ ನನ್ನ ಕೈಯಲ್ಲೇ ಕೊಟ್ಟರು. ಬೈದು ಕಸಿದುಕೊಳ್ಳುವ ಗುರು ಸಿಕ್ಕಿದ್ದರೆ ನಾನು ಅಂದೇ ಅಡುಗೆಮನೆಗೆ ವಾಪಸು ಹೋಗುತ್ತಿದ್ದೆ.

ಎರಡು ಸಾವಿರದ ಇಸವಿಯ ಆಚೆಗೆ ಕ್ಯಾಸೆಟ್ಟು ಹೋಗಿ ಸೀಡಿ ಬಂತು. ಹಾಡಿಗೆ ಹಾಡು ಜೋಡಿಸುವ ಡಿಜೆ ಬಂತು. ಮಂದಿಗೆ ಒಂದು ಹಾಡು ಕೇಳುತ್ತಿರುವಾಗಲೇ ಮುಂದಿನ ಹಾಡನ್ನು ತಾನೊಬ್ಬನೇ ಕೇಳಿ ಹದ ಮಾಡಿಕೊಳ್ಳಬೇಕು. ಹೆಡ್‌ಫೋನು ಬೇಕಾಗಿದ್ದು ಆಗಲೇ. ಹಾವೇರಿ, ಬ್ಯಾಡಗಿ, ಸುತ್ತಲಿನ ಹಳ್ಳಿಗಳ ಆಪರೇಟರುಗಳು ತಮ್ಮ ಹೆಡ್‌ಫೋನುಗಳನ್ನು ನನ್ನ ಹತ್ತಿರ ತರತೊಡಗಿದರು. ಮುರಿದದ್ದು ವಾಯರು, ಹರಿದದ್ದು ಕಿವಿಯ ಗಾದಿ. ಆ ಗಾದಿಯ ಮೇಲಿನ ರೆಗ್ಜಿನ್ನು ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಹಪ್ಪಳದಂತೆ ಸುಲಿದು ಬರುತ್ತದೆ. ಹಳೆಯ ಧೋತರದ ಅರಿವೆಯಿಂದ ನಾನು ಗವಸು ಹೊಲಿದುಕೊಡುತ್ತಿದ್ದೆ. ಬೆವರು ಹೀರುತ್ತದೆ, ಒಗೆದು ಮತ್ತೆ ಹಾಕಬಹುದು.

ಒಮ್ಮೆ ಐರಣಿಯ ಆಪರೇಟರ್ ಒಬ್ಬ ಕೆಂಪು ಟೊಮೇಟೊದಂಥ ಕಿವಿ ಹೊತ್ತು ಬಂದ. “ವೈನೀ, ಹೆಡ್‌ಫೋನಿಗೆ ಒಗ್ಗರಣಿ ಕೊಟ್ಟೀರೇನ್ರಿ?” ಹಿಂದಿನ ದಿನ ಖಾರ ಕುಟ್ಟಿದ ಕೈಯಲ್ಲೇ ನಾನು ಅವನ ಗವಸು ಹೊಲಿದಿದ್ದೆ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂದು ತವರಿನ ಹೆಮ್ಮೆ ಹೇಳಹೋದೆ. “ಖಾರ ಕಡಿಮಿ ಅಂತ ನನ್ನ ಕಿವಿಗೆ ಹೇಳ್ರಿ,” ಎಂದ. ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು: ಮೆಣಸಿನಕಾಯಿ ಮುಟ್ಟಿದ ದಿನ ನಾನು ಹೆಡ್‌ಫೋನು ಮುಟ್ಟುವುದಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ನಮ್ಮ ಮನೆಯವರಿಗೆ ಕಿವಿ ನೋಯುತ್ತದೆಂದು ಗಾದಿಯೊಳಗೆ ಹತ್ತಿ ತುಂಬಿ ದಪ್ಪ ಮಾಡಿಕೊಟ್ಟೆ. ಮೆತ್ತಗೆ, ತಲೆದಿಂಬಿನಂತೆ. ಹಾವೇರಿಯ ಒಂದು ಮದುವೆಯಲ್ಲಿ ಅವರಿಗೆ ಹೆಡ್‌ಫೋನಿನಲ್ಲಿ ಡೋಲಿನ ಗುಮ್ಮೆನ್ನುವ ಸದ್ದೇ ಬರಲಿಲ್ಲವಂತೆ. ಸಾಲದೆಂದು ಮಿಕ್ಸರಿನಲ್ಲೇ ಏರಿಸಿದರು, ಮತ್ತೆ ಏರಿಸಿದರು. ಕಡೆಗೆ ದೊಡ್ಡ ಸ್ಪೀಕರಿನೊಳಗೆ ಸುತ್ತಿದ ತಂತಿ ಸುಟ್ಟು ವಾಸನೆ ಬಂತು. ಖಾದರಸಾಬರು ಆ ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿ ಹಾಡು ಹಚ್ಚಿದರು.

“ಡೋಲು ಕೇಳತೈತೇನ?”

“ಇಲ್ರಿ ಚಾಚಾ.”

ಎರಡೂ ಬಟ್ಟಲನ್ನು ಅಂಗೈಯಿಂದ ಒತ್ತಿ ಹಿಡಿದರು. “ಈಗ?”

ಡೋಲು ಒಮ್ಮೆಲೇ ತಲೆಯೊಳಗೆ ಬಂದು ಕೂತಿತು. ನಾನು ತುಂಬಿದ ಹತ್ತಿ ಬಟ್ಟಲನ್ನು ಕಿವಿಯಿಂದ ಎತ್ತಿಹಿಡಿದಿತ್ತು; ಸಂದಿನಿಂದ ಡೋಲಿನ ಸದ್ದೆಲ್ಲ ಸೋರಿಹೋಗುತ್ತಿತ್ತು. ಖಾದರಸಾಬರು ಹೇಳಿದರು: “ಯಂತ್ರ ಖರೇ ಹೇಳಾಕತ್ತಿತ್ತವಾ. ನಡುವ ನಿನ್ನ ಹತ್ತಿ ಸುಳ್ಳ ಹೇಳಿತು. ಅವನ ಕೈ ಆ ಸುಳ್ಳು ನಂಬಿ ಏರಿಸಿತು.” ಈ ಮಾತನ್ನು ನೆನಪಿಡಿ. ಮುಂದೆ ಬೇಕಾಗುತ್ತದೆ.

ಬ್ಯಾಡಗಿಯ ಆ ಮದುವೆಗೆ ಮುಂಚೆ ಒಂದು ವರ್ಷದಿಂದ ನಮ್ಮ ಮನೆಯವರು ಹೆಡ್‌ಫೋನುಗಳ ಮೇಲೆ ತಪ್ಪು ಹೊರಿಸುತ್ತ ಬಂದಿದ್ದರು. “ಮಬ್ಬ ಬರತೈತಿ,” ಎನ್ನುವರು. ಹಾಗೆಂದೇ ಮನೆಗೆ ಮೂರು ಬಂದಿದ್ದವು.

ಮೊದಲನೆಯದು ಹುಬ್ಬಳ್ಳಿಯಿಂದ ತಂದ ಕರಿಯದು. ಡಿಜೆಯವರಿಗೆಂದೇ ಮಾಡಿದ್ದು. ಬಟ್ಟಲು ಹಿಂದಕ್ಕೆ ತಿರುಗುತ್ತದೆ, ಒಂದು ಕಿವಿಗೆ ಹಾಕಿ ಇನ್ನೊಂದು ಬಿಡಬಹುದು. ಯಾವ ಮಿಕ್ಸರಿಗೆ ಚುಚ್ಚಿದರೂ ಗಟ್ಟಿಯಾಗಿ ಕೇಳುತ್ತದೆ, ಏಕೆಂದರೆ ಅದರ ಓಮ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಕಡಿಮೆ. ಡೋಲಿನ ಸದ್ದನ್ನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳುತ್ತದೆ. ತಲೆಯನ್ನು ಮಾತ್ರ ಇಕ್ಕಳದಂತೆ ಹಿಡಿಯುತ್ತದೆ. ನಾನು ಬೆಂಡೋಲೆ ಹಾಕಿಕೊಂಡವಳು. ಐದು ನಿಮಿಷಕ್ಕೆ ಓಲೆಯ ತಿರುಪು ಕಿವಿಯ ಹಿಂದೆ ಚುಚ್ಚುವುದು.

ಎರಡನೆಯದು ಬೂದು ಬಣ್ಣದ್ದು, ಬೆಂಗಳೂರಿನಲ್ಲಿ ಯಾವುದೋ ರೆಕಾರ್ಡಿಂಗ್ ಖೋಲಿಯಲ್ಲಿ ಬಳಸಿ ಬಿಟ್ಟದ್ದು. ಮಖಮಲ್ಲಿನ ಗಾದಿ, ಕಿವಿಯನ್ನೂ ಓಲೆಯನ್ನೂ ಒಳಗೆ ತೆಗೆದುಕೊಂಡು ಸುಮ್ಮನೆ ಕೂರುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಆದರೆ ಅದರ ಮೇಲೆ ಬರೆದ ಓಮ್ ಕರಿಯದಕ್ಕಿಂತ ಎಷ್ಟೋ ಪಟ್ಟು. ನಮ್ಮ ಮಿಕ್ಸರಿಗೆ ಚುಚ್ಚಿದರೆ ಪಕ್ಕದ ಮನೆಯಲ್ಲಿ ರೇಡಿಯೋ ಹಚ್ಚಿದ ಹಾಗೆ. ಓಮ್ ಹೆಚ್ಚಿದ್ದರೆ ಕೆಟ್ಟದ್ದೆಂದಲ್ಲ. ತಳ್ಳುವ ಬಲ ಹೆಚ್ಚು ಬೇಕು, ಅಷ್ಟೇ. ಖಾದರಸಾಬರು ಊಟದ ಡಬ್ಬಿಯೊಂದರಲ್ಲಿ ಪುಟ್ಟ ಆಂಪ್ಲಿಫೈಯರ್ ಕೂರಿಸಿಕೊಟ್ಟರು. ಅದರ ಗುಂಡಿಯನ್ನು ನಮ್ಮ ಮನೆಯವರು ತುದಿಯವರೆಗೂ ತಿರುಗಿಸಿ ಕೇಳುತ್ತಿದ್ದರು. ಪಕ್ಕದಲ್ಲಿ ಕೂತ ನನಗೇ ಹಾಡಿನ ಸಾಹಿತ್ಯ ಕೇಳಿಸುತ್ತಿತ್ತು.

ಮೂರನೆಯದು ಬೆಳ್ಳಿ ಬಣ್ಣದ ಸಣ್ಣದು. ಹೂವಿನಷ್ಟು ಹಗುರ. ಯಾವ ಆಂಪ್ಲಿಫೈಯರೂ ಬೇಡ. ಆದರೆ ಕಿವಿಯ ಮೇಲೆ ಸುಮ್ಮನೆ ಕೂರುತ್ತದೆ, ಹೊರಗಿನ ಗದ್ದಲವೆಲ್ಲ ಒಳಗೆ. ಡೋಲು ಅದರಲ್ಲಿ ಚಮಚೆಯಿಂದ ಡಬ್ಬಿ ಬಡಿದಂತೆ. ಮನೆಯಲ್ಲಿ ಕೂತು ಹಾಡು ಕೇಳಲು ಸಾಕು, ಬ್ಯಾಂಡು ಬಾರಿಸುವ ಮಂಟಪಕ್ಕೆ ಸಾಲದು.

ಮೂರನ್ನೂ ನಾನು ಮೀಟರ್ ಹಿಡಿದು ನೋಡಿದ್ದೆ, ಕಿವಿಗಿಟ್ಟು ಕೇಳಿದ್ದೆ. ಮೂರರಲ್ಲೂ ಕೊರತೆ ಇರಲಿಲ್ಲ. ಆದರೂ ಅವರು “ಮಬ್ಬ ಐತಿ” ಎಂದಾಗ “ಹೌದ್ರಿ, ಇರಬೇಕು” ಎಂದು ಗಾದಿ ಬಿಚ್ಚಿ ಹೊಲಿಯುತ್ತ ಕೂತೆ. ಅವರ ಮಾತಿಗೆ ಎದುರಾಡಬಾರದೆಂದು ಒಂದು ವರ್ಷ ಸುಮ್ಮನಿದ್ದೆ. ನನ್ನ ಕೆಲಸದ ಎಲ್ಲ ತಪ್ಪುಗಳಲ್ಲಿ ಇದೊಂದನ್ನು ಈಗಲೂ ದೇವರ ಮುಂದೆ ಹೇಳಿಕೊಳ್ಳುತ್ತೇನೆ.

ಬ್ಯಾಡಗಿಯಿಂದ ಸಂಜೆ ಬಂದವರು ಕರಿಯ ಹೆಡ್‌ಫೋನನ್ನು ಮೇಜಿನ ಮೇಲೆ ಒಗೆದರು. “ಇದು ಹೋತು. ಹುಬ್ಬಳ್ಳಿಗೆ ಹೋಗಿ ಬ್ಯಾರೇದು ತರಬೇಕು.” ನಾನು ಊಟಕ್ಕೆ ಬಡಿಸಿದೆ, ಏನೂ ಕೇಳಲಿಲ್ಲ. ಆದರೆ ಅವರು ಬರುವ ಮುಂಚೆಯೇ ಖಾದರಸಾಬರಿಗೆ ಫೋನು ಮಾಡಿದ್ದೆ.

ಮರುದಿನ ಸೋಮವಾರ. ಪೂಜೆ ಮುಗಿಸುವ ಹೊತ್ತಿಗೆ ಸಾಬರು ಹಾವೇರಿಯ ಬಸ್ಸಿಳಿದು ಬಂದರು. ಚಹಾ ಕುಡಿಯುತ್ತ ನಮ್ಮ ಮನೆಯವರಿಗೆ, “ತಮ್ಮಾ, ಮೂರೂ ಒಮ್ಮೆ ತೂಗಿ ನೋಡೂನು. ಯಾವುದು ಕೆಟ್ಟೈತಿ ಗೊತ್ತಾಗಲಿ,” ಎಂದರು. ಸಾಬರದೊಂದು ಪದ್ಧತಿ ಇತ್ತು. ಹೆಡ್‌ಫೋನು ಪರೀಕ್ಷೆ ಮಾಡಲು ಹೊಸ ಹಾಡು ಹಚ್ಚಬಾರದು. ನೂರು ಸಲ ಕೇಳಿ ಬಾಯಿಪಾಠವಾದ ಸದ್ದನ್ನೇ ಹಚ್ಚಬೇಕು. ನಮ್ಮ ಓಣಿಯ ಸೋಮವಾರದ ಭಜನೆಯನ್ನು ನಮ್ಮ ಮನೆಯವರೇ ಹಿಂದೊಮ್ಮೆ ಕ್ಯಾಸೆಟ್ಟಿಗೆ ತುಂಬಿಸಿದ್ದರು. ಹಾರ್ಮೋನಿಯಂ ಪೇಟಿ ಒಬ್ಬರು, ತಬಲಾ ಡಗ್ಗಾ ಒಬ್ಬರು. ತಾಳ ನನ್ನದು. ಅದನ್ನು ಹಚ್ಚಿದೆವು.

ನಮ್ಮ ಮನೆಯವರು ಕರಿಯದನ್ನು ಹಾಕಿಕೊಂಡು ಕಣ್ಣು ಮುಚ್ಚಿದರು. “ಡಗ್ಗಾ ಚಲೋ ಐತಿ. ಪೇಟಿ ಐತಿ. ತಾಳ ಇಲ್ಲ.”

ಸಾಬರು ಬೂದು ಬಣ್ಣದ್ದನ್ನು ಡಬ್ಬಿಗೆ ಚುಚ್ಚಿ ಕೊಟ್ಟರು. “ಪೇಟಿ ಭಾಳ ಚಂದ ಐತಿ. ತಾಳ ಇದರಾಗೂ ಇಲ್ಲ.”

ಸಾಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಬೆಳ್ಳಿಯದನ್ನು ಕೊಟ್ಟರು.

“ಇದರಾಗ ಡಗ್ಗಾನೂ ಇಲ್ಲ, ತಾಳಾನೂ ಇಲ್ಲ. ಇದನ್ನ ಒಯ್ದು ಆಕಳ ಕೊಂಬಿಗೆ ಹಾಕ್ರಿ.” ಮೂವರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವರು ನನ್ನತ್ತ ತಿರುಗಿ ಕೇಳಿದರು: “ಅವತ್ತ ನೀ ತಾಳ ಹಿಡದಿದ್ದಿಲ್ಲೇನ?”

ಮೂರನ್ನೂ ಒಂದೊಂದಾಗಿ ನನ್ನ ಕಿವಿಗೆ ಹಾಕಿಕೊಂಡೆ. ಕರಿಯದರಲ್ಲಿ ಡಗ್ಗಾದ ಹಿಂದೆ ತಾಳ ಇತ್ತು. ಬೂದು ಬಣ್ಣದ್ದರಲ್ಲಿ ನನ್ನ ಕೈಬಳೆ ತಾಳಕ್ಕೆ ತಾಗಿದ್ದು ಸಹ ಕೇಳುತ್ತಿತ್ತು. ಆಕಳ ಕೊಂಬಿನದರಲ್ಲೂ ತಾಳ ಕಿಣಿಕಿಣಿ ಎನ್ನುತ್ತಿತ್ತು. ಎದ್ದು ದೇವರ ಮನೆಗೆ ಹೋಗಿ ತಾಳವನ್ನೇ ತಂದೆ. ಮನೆಯವರ ಬೆನ್ನ ಹಿಂದೆ ನಿಂತು ಅಂಚಿಗೆ ಅಂಚು ತಾಗಿಸಿ ಮೆಲ್ಲಗೆ ನುಡಿಸಿದೆ. ಸಾಬರು ತಲೆ ಎತ್ತಿದರು. ಬಾಗಿಲಲ್ಲಿದ್ದ ಬೆಕ್ಕು ಸಹ ತಿರುಗಿ ನೋಡಿತು. ನಮ್ಮ ಮನೆಯವರು ತಿರುಗಲಿಲ್ಲ, ಕ್ಯಾಸೆಟ್ಟಿನ ಡಬ್ಬಿ ಮುಚ್ಚುತ್ತಿದ್ದರು.

ಸಾಬರು ಅವರ ಹೆಗಲ ಮೇಲೆ ಕೈಯಿಟ್ಟು ಹಿಂದಕ್ಕೆ ತಿರುಗಿಸಿದರು. ನನ್ನ ಕೈಯಲ್ಲಿ ತಾಳ ಇನ್ನೂ ಆಡುತ್ತಿತ್ತು. ಅವರು ಅದನ್ನು ನೋಡಿದರು.

“ಅಂದ್ರ ಹೆಡ್‌ಫೋನ್ ಚಲೋ ಅದಾವ,” ಎಂದರು.

“ಮೂರೂ ಚಲೋ ಅದಾವ, ತಮ್ಮಾ,” ಎಂದರು ಸಾಬರು.

ಹಾವೇರಿಯಲ್ಲಿ ಕಿವಿಯ ಡಾಕ್ಟರಿಗೆ ತೋರಿಸಿದೆವು. ವರ್ಷಗಟ್ಟಲೆ ದೊಡ್ಡ ಸದ್ದಿನಲ್ಲಿದ್ದು ಸಣ್ಣ, ತೆಳ್ಳನೆಯ ಸದ್ದು ಹಿಡಿಯುವ ಶಕ್ತಿ ಹೋಗಿದೆ, ಅದು ಮರಳಿ ಬರುವುದಿಲ್ಲ ಎಂದರು. ದಪ್ಪ ಸದ್ದು, ಮಾತು ಕೇಳುತ್ತವೆ; ಇನ್ನು ಮುಂದೆ ಜೋರು ಸದ್ದನ್ನು ಕಿವಿಗೆ ಹಾಕದಿದ್ದರೆ ಉಳಿದದ್ದು ಉಳಿಯುತ್ತದೆ ಎಂದರು. ಹೋದದ್ದನ್ನು ನಮ್ಮ ಮನೆಯವರು ಎಣಿಸುತ್ತಿದ್ದರು, ಉಳಿದದ್ದನ್ನು ನಾನು ಎಣಿಸಿದೆ. ಅವರಿಗೆ ನನ್ನ ಮಾತು ಕೇಳುತ್ತದೆ. ಬಸ್ಸಿನ ಹಾರನ್ನು ಕೇಳುತ್ತದೆ. ಪೇಟಿ ಕೇಳುತ್ತದೆ. ಶಿವ ಇಷ್ಟಾದರೂ ಇಟ್ಟಿದ್ದಾನೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಹೇಳಿದರು: “ಅಗಡಿ ಮದುವಿ ಬಿಟ್ಟಬಿಡೂನು. ಸೀಟಿ ಕೇಳದಾಂವ ಮಿಕ್ಸರ್ ಮುಂದ ಕುಂದ್ರಬಾರದು. ನನ್ನ ಕುರ್ಚಿ ಹೋತು.” ಅಗಡಿಯ ಮದುವೆಗೆ ಒಂದು ವಾರವಷ್ಟೇ ಇತ್ತು. ಈ ಕೆಲಸ ಬಿಟ್ಟು ಅವರಿಗೆ ಬೇರೆ ಏನೂ ಬರುತ್ತಿರಲಿಲ್ಲ, ಬೇರೆ ಏನೂ ಬೇಕಾಗಿಯೂ ಇರಲಿಲ್ಲ.

“ಕುರ್ಚಿ ಎಲ್ಲಿ ಹೋಗತೈತ್ರಿ? ಬಾಜೂಕ ಇನ್ನೊಂದು ಹಾಕೂನು. ಕೇಳೂದು ನನಗಿರಲಿ, ಕೈ ನಿಮ್ಮದಿರಲಿ.”

“ನೀ? ಮಂಟಪದಾಗ? ಮಂದಿ ಏನಂದಾರು?”

“ಬ್ಯಾಡಗ್ಯಾಗ ಮಂದಿ ಕಿವಿ ಮುಚ್ಚಿಕೊಂಡು ಕುಂತಿದ್ರು. ಅವಾಗೇನ ಚಲೋ ಅಂದ್ರೇನ್ರಿ?”

ಒಂದು ವರ್ಷ ನುಂಗಿಕೊಂಡಿದ್ದ ಎದುರುಮಾತು ಆ ಬಸ್ಸಿನಲ್ಲಿ ಹೊರಬಂತು. ಅವರು ಊರು ಬಂದು ಇಳಿಯುವಾಗ, “ಯಾವ ಹೆಡ್‌ಫೋನ್ ಹಾಕ್ಕೋತಿ?” ಎಂದು ಕೇಳಿದರು.

ಬೂದು ಬಣ್ಣದ್ದನ್ನು ಆರಿಸಿಕೊಂಡೆ. ಓಲೆಗೆ ತಾಗುವುದಿಲ್ಲ, ತುರುಬಿನ ಮೇಲೂ ಕೂರುತ್ತದೆ, ಸುಳ್ಳು ಹೇಳುವುದಿಲ್ಲ. ಡಬ್ಬಿಯ ಗುಂಡಿಯಲ್ಲಿ ನನ್ನ ಕಿವಿಗೆ ಎಷ್ಟು ಬೇಕೋ ಅಷ್ಟರಲ್ಲಿ ಎಣ್ಣೆಯಲ್ಲಿ ಕಲಸಿದ ಕುಂಕುಮದಿಂದ ಒಂದು ಗೆರೆ ಎಳೆದೆ. ಆ ಗೆರೆ ದಾಟಬಾರದೆಂದು ದೇವರ ಹೆಸರಿನಲ್ಲಿ ಇಬ್ಬರೂ ಮಾತು ಕೊಟ್ಟುಕೊಂಡೆವು.

ಅಗಡಿಯಲ್ಲಿ ತಲೆತುಂಬ ಸೆರಗು ಹೊದ್ದು, ಅದರೊಳಗೆ ಹೆಡ್‌ಫೋನು ಹಾಕಿ ಕುಳಿತೆ. ಒಂದು ಬಟ್ಟಲು ಕಿವಿಯ ಮೇಲೆ, ಇನ್ನೊಂದು ಕಿವಿಯ ಹಿಂದೆ, ಮಂಟಪದ ಸದ್ದೂ ಕೇಳಲೆಂದು. ಹೆಂಗಸರ ಸಾಲಿನಿಂದ ಒಬ್ಬಾಕೆ, “ಏನವಾ, ಕಿವಿಗೆ ಎರಡು ಕೊಬ್ರಿ ಬಟ್ಟಲ ಕಟಗೊಂಡಂಗ ಕಾಣತಿ!” ಎಂದಳು. “ಈ ಕೊಬ್ರಿ ಬಟ್ಟಲದಾಗ ಹಾಡ ಬರತಾವ, ಬಾ,” ಎಂದು ಆಕೆಯ ಕಿವಿಗೂ ಒಮ್ಮೆ ಇಟ್ಟೆ. ಆಕೆ ಬಾಯಿಗೆ ಸೆರಗು ಹಿಡಿದು ಓಡಿದಳು. ಆಮೇಲೆ ಯಾರೂ ನಗಲಿಲ್ಲ. ನಮಗೂ ಒಮ್ಮೆ ಕೊಡು ಎನ್ನುವವರೇ ಹೆಚ್ಚಾದರು.

ಹಿರಿಯರೊಬ್ಬರು ಮೈಕು ಹಿಡಿದು ಸ್ಪೀಕರಿನ ಕಡೆಗೇ ನಡೆಯುತ್ತ ಮಾತಾಡತೊಡಗಿದರು. ಸೀಟಿ ಒಮ್ಮೆಲೇ ಬರುವುದಿಲ್ಲ. ಮೊದಲು ಮಾತಿನ ಬಾಲಕ್ಕೆ ಎಳೆಯಂಥ ಒಂದು ನಾದ ಅಂಟಿಕೊಳ್ಳುತ್ತದೆ, ತಾಳ ನುಡಿದು ನಿಂತ ಮೇಲೆ ಉಳಿಯುತ್ತದಲ್ಲ, ಹಾಗೆ. ಅದು ಕೇಳಿದ ಕೂಡಲೇ ಬೆರಳು ಎತ್ತಿದೆ. ನಮ್ಮ ಮನೆಯವರು ಮಿಕ್ಸರನ್ನು ನೋಡುತ್ತಿರಲಿಲ್ಲ, ನನ್ನ ಬೆರಳನ್ನೇ ನೋಡುತ್ತಿದ್ದರು. ಗುಂಡಿ ಇಳಿಯಿತು. ಹಿರಿಯರು ಮಾತು ಮುಂದುವರಿಸಿದರು. ಅಲ್ಲಿ ಏನೋ ಆಗಬೇಕಿತ್ತು, ಆಗಲಿಲ್ಲ ಎನ್ನುವುದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಾಗಲಿಲ್ಲ. ಆ ಬೆರಳಿನ ಮೇಲೆಯೇ ನಾವು ಮುಂದೆ ಎಷ್ಟೋ ವರ್ಷ ಕೆಲಸ ಮಾಡಿದೆವು.

ಮಕ್ಕಳೇ, ಹೆಡ್‌ಫೋನು ಕೊಳ್ಳುವಾಗ ಸದ್ದು ನೋಡಿ, ತಲೆಗೆ ಕೂರುವುದು ನೋಡಿ, ನಿಮ್ಮ ಮಿಕ್ಸರು ಅದನ್ನು ತಳ್ಳಬಲ್ಲದೋ ನೋಡಿ. ಬಾಯಿಪಾಠವಾದ ಸದ್ದನ್ನೇ ಹಚ್ಚಿ ಕೇಳಿ. ಅದರಲ್ಲಿ ಏನಾದರೂ ಕಡಿಮೆ ಕಂಡರೆ ಅಂಗಡಿಯವನ ಜತೆ ಜಗಳಕ್ಕೆ ಇಳಿಯುವ ಮುಂಚೆ ಪಕ್ಕದವರ ಕಿವಿಗೂ ಇಟ್ಟು ಕೇಳಿ. ಪಕ್ಕದವರೂ ನನ್ನ ಹಾಗೆ ಸುಮ್ಮನಿರಬೇಡಿ.

ಅಗಡಿಯಿಂದ ಬಂದ ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋದೆ. ಅರ್ಧ ಉಳಿದಿದ್ದ ಮೆಣಸಿನಕಾಯಿಯ ಚೀಲ ಬಿಚ್ಚಿತ್ತು. ನಮ್ಮ ಮನೆಯವರು ಕಟ್ಟೆಯ ಮೇಲೆ ಕೂತು ತೊಟ್ಟು ಮುರಿಯುತ್ತಿದ್ದರು. ಹುಟ್ಟಿದಾಗಿನಿಂದ ಆ ಕೆಲಸ ಮಾಡಿದವರಲ್ಲ. ತೊಟ್ಟಿನ ಜತೆ ಅರ್ಧ ಕಾಯಿಯೂ ಹೋಗುತ್ತಿತ್ತು. ಮೊರ ಎಳೆದುಕೊಂಡು ಕೂರಲು ಹೋದೆ.

“ಮುಟ್ಟಬ್ಯಾಡ,” ಎಂದರು, ತಲೆ ಎತ್ತದೆ. “ನಾಳೆ ಹಾವೇರ್ಯಾಗ ಕೆಲಸ ಐತಿ. ನಿನ್ನ ಕೈ ಸ್ವಚ್ಛ ಇರಬೇಕು.”

“ಕಣ್ಣಿಗೆ ಕೈ ಹಚ್ಚಿಕೊಂಡೀರಿ ಮತ್ತ.”

“ಹಚ್ಚಿಕೊಳ್ಳೂದಿಲ್ಲ. ನೀ ಹೋಗಿ ರೊಟ್ಟಿ ಬಡಿ. ಅದರ ಸಪ್ಪಳ ನನಗ ಇಲ್ಲೀ ತನಕಾ ಕೇಳತೈತಿ.”

ನಾನು ಒಳಗೆ ಹೋಗಿ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿದೆ.